ಎರೆಕುಂಟೆ ಒಡ್ಡಿಗೆ ಅರ್ಧ ಡಬ್ಬಿ ಅರಿಶಿನ

ಎರೆಕುಂಟೆಯ ಭೀಮಣ್ಣನಿಗೆ ಸರ್ಕಾರ ಕೊಟ್ಟದ್ದು ಎರಡೇ ಸಾಮಾನು. ಒಂದು ಸೀಟಿ, ಒಂದು ಖಾಕಿ ಅಂಗಿ. ಅಂಗಿಯೊಳಗೆ ಅವನಂಥವರು ಇಬ್ಬರು ಹಿಡಿಯುತ್ತಿದ್ದರು. ಸಂಬಳದ ಮಾತನ್ನು ಸರ್ಕಾರ ಎತ್ತಲಿಲ್ಲ, ಭೀಮಣ್ಣನೂ ಎತ್ತಲಿಲ್ಲ. ಇಷ್ಟು ವರ್ಷದ ಮೇಲೆ ತನ್ನನ್ನು ಯಾರೋ ಹೆಸರು ಹಿಡಿದು ಕರೆದರಲ್ಲ ಎಂಬ ಖುಷಿಯಲ್ಲೇ ಅವನಿಗೆ ಹೊಟ್ಟೆ ತುಂಬಿತ್ತು.

ಕೆಲಸ ಏನೆಂದರೆ ಒಡ್ಡು ಕಾಯುವುದು. ತೆಲುಗು ಸೀಮೆಯ ಮಕ್ತಲ್‌ನಿಂದ ನರ್ವದ ಕಡೆ ಹೋಗುತ್ತ ಬಲಕ್ಕೆ ಹೊರಳಿದರೆ ಸಿಗುವ ಊರು ಎರೆಕುಂಟೆ. ಊರ ಮೇಲ್ಗಡೆ ಒಂದು ಹಳ್ಳ ಇದೆ. ವರ್ಷದಲ್ಲಿ ಹತ್ತು ತಿಂಗಳು ಅದರಲ್ಲಿ ಕುರಿಗಳು ಮಲಗಿರುತ್ತವೆ. ಎರಡು ವರ್ಷದ ಹಿಂದೆ ಅದೇ ಹಳ್ಳ ಒಂದು ಮುಂಜಾನೆ ಎದ್ದು ಬಂದು ಕೆಳಗೇರಿಯ ಇಪ್ಪತ್ತು ಮನೆಗೆ ನುಗ್ಗಿತ್ತು. ಮೊದಲನೆಯದೇ ಭೀಮಣ್ಣನ ಮನೆ. ಅವತ್ತು ಅವನು ಶೇಂಗಾ ಮಾರಲು ಕೋಸಗಿಗೆ ಹೋಗಿದ್ದ. ಹೆಂಡತಿ ಚನ್ನವೀರಮ್ಮ ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡು ಒಂದೂವರೆ ದಿನ ಮಾಳಿಗೆಯ ಮೇಲೆ ಕೂತಿದ್ದಳು. ನೀರು ಬಿಟ್ಟುಹೋದ ಕೆಸರಿನ ಗೆರೆ ಇನ್ನೂ ಗೋಡೆಯ ಮೇಲೆ ನಡುಮಟ್ಟಕ್ಕೆ ಇದೆ. ಅದರ ಮೇಲೆ ಸುಣ್ಣ ಹೊಡೆಯಲು ಅವಳು ಒಪ್ಪಿಲ್ಲ.

ಆ ನೀರು ಮತ್ತೆ ಬರಬಾರದೆಂದು ಹಳ್ಳಕ್ಕೆ ಅಡ್ಡ ಕಟ್ಟಿದ್ದು ಈ ಮಣ್ಣಿನ ಒಡ್ಡು. ಹತ್ತಡಿ ಎತ್ತರ, ಇನ್ನೂರು ಹೆಜ್ಜೆ ಉದ್ದ, ನೀರು ಬಿಡಲು ಒಂದು ತೂಬು. ಒಳಮೈಯ ಇಳಿಜಾರಿನಲ್ಲಿ ಹೆಂಗಸಿನ ಎತ್ತರದ ಒಂದು ಕಲ್ಲು ನೆಟ್ಟು, ಅದರ ಮೇಲೆ ಐದರಿಂದ ಹತ್ತರ ತನಕ ಅಡಿಯ ಗುರುತು ಕೆತ್ತಿದ್ದರು. ಎಂಟರ ಹತ್ತಿರ ಒಂದು ಕೆಂಪು ಗೆರೆ. ನೀರು ಆ ಗೆರೆ ಮುಟ್ಟಿದರೆ ಕೆಳಗೇರಿಯನ್ನು ಖಾಲಿ ಮಾಡಿಸಬೇಕು. ಎರೆಕುಂಟೆಯ ಇಪ್ಪತ್ತು ಮನೆಯ ಹಣೆಬರಹ ಇದ್ದದ್ದು ಆ ಗೆರೆಯಲ್ಲಿ.

ಕೆಲಸ ಸಿಕ್ಕ ದಿನವೇ ಭೀಮಣ್ಣ ಗದ್ವಾಲ್‌ಗೆ ಫೋನ್ ಹಚ್ಚಿದ. ಅಲ್ಲಿ ಅವನ ಹೆಂಡತಿಯ ತಮ್ಮ ಕಾಂತೇಶ ಸೀರೆ ವ್ಯಾಪಾರ ಮಾಡುತ್ತಾನೆ.

"ಕಾಂತೇಶಾ, ನಾ ಈಗ ಡ್ಯಾಂ ಇನ್‌ಚಾರ್ಜ್ ಅದೀನಿ," ಅಂದ.

"ಯಾವ ಡ್ಯಾಂ ಭಾವಾ? ಹೊಳೀ ಮ್ಯಾಲಿನ ಜುರಾಲಾನಾ?"

"ಅದಕ್ಕಿಂತ ಒಂಚೂರು ಸಣ್ಣದು."

ಕಾಂತೇಶ ಅದನ್ನು ನಂಬಿದ. ಭಾವನಿಗೆ ಕ್ವಾರ್ಟರ್ಸ್ ಕೊಟ್ಟಿದ್ದಾರಾ, ಜೀಪು ಯಾವಾಗ ಬರುತ್ತದೆ ಎಂದು ಗದ್ವಾಲ್‌ನ ಬಂಧುಬಳಗವೆಲ್ಲ ವಿಚಾರಿಸತೊಡಗಿತು. ಭೀಮಣ್ಣ ಯಾವುದಕ್ಕೂ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಇನ್‌ಚಾರ್ಜ್ ಆದ ಎಂಟನೆಯ ದಿನಕ್ಕೆ ಎಂಕಪ್ಪನ ಟ್ರ್ಯಾಕ್ಟರ್ ಬಂತು. ಎಂಕಪ್ಪ ಹೊಸ ಮನೆ ಕಟ್ಟಿಸುತ್ತಿದ್ದ. ಅದರ ಅಡಿಪಾಯ ತುಂಬಲು ಮಣ್ಣು ಬೇಕಿತ್ತು. ಸರ್ಕಾರ ಇಷ್ಟೊಂದು ಒಳ್ಳೆ ಮಣ್ಣನ್ನು ತಂದು ಊರ ಬಾಗಿಲಿಗೇ ಒಟ್ಟಿರುವಾಗ ದೂರ ಹೋಗುವುದು ಅವನಿಗೆ ಬರೀ ಹೆಡ್ಡತನ ಅನ್ನಿಸಿತು. ಭೀಮಣ್ಣ ಓಡಿಬಂದು ಬಲವಾಗಿ ಸೀಟಿ ಊದಿದ. ಎಂಕಪ್ಪ ಕೈಯೆತ್ತಿ ನಮಸ್ಕಾರ ಮಾಡಿ, ಆ ಸೀಟಿಯ ಲೆಕ್ಕದಲ್ಲೇ ಗಾಡಿಯನ್ನು ಹಿಂದಕ್ಕೆ ತಂದು ಒಡ್ಡಿಗೆ ಸರಿಯಾಗಿ ಹಚ್ಚಿ ನಿಲ್ಲಿಸಿದ.

"ಭಾಳ ಉಪಕಾರ ಆಯ್ತು ಕಾಕಾ. ನೀ ಸೀಟಿ ಊದದಿದ್ರ ಗಾಲಿ ತಗ್ಗಿಗೆ ಬೀಳ್ತಿತ್ತು ನೋಡು."

"ಏ ಎಂಕಪ್ಪಾ, ಇದು ಸರ್ಕಾರದ ಮಣ್ಣೋ."

"ಸರ್ಕಾರ ಅಂದ್ರ ಯಾರು ಕಾಕಾ, ನಾವಾ ಅಲ್ಲೇನು?"

ಭೀಮಣ್ಣ ಗಾಡಿ ಹಿಡಿಯಲು ಹೋಗಿ ಮಣ್ಣಿನಲ್ಲಿ ಜಾರಿದ. ಅವನ ಎಡಗಾಲಿನ ನೀಲಿ ಚಪ್ಪಲಿ ಮಣ್ಣಿನ ಜೊತೆಗೆ ಟ್ರ್ಯಾಕ್ಟರ್ ಏರಿ ಹೊರಟೇಹೋಯಿತು.

ಮರುದಿನ ಭೀಮಣ್ಣ ಒಂದು ಉಪಾಯ ಹೂಡಿದ. ಗುರುತಿನ ಕಲ್ಲಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದ. ದೇವರಿದ್ದ ಕಡೆ ಯಾರು ಗುದ್ದಲಿ ಹಾಕುತ್ತಾರೆ ಎಂಬುದು ಅವನ ವಿಚಾರ. ಎಂಕಪ್ಪ ಬಂದವನೇ ಕಲ್ಲಿಗೆ ಅಡ್ಡಬಿದ್ದ, "ಶಿವಾ, ಕಾಪಾಡಪ್ಪಾ" ಅಂದ, ಎದ್ದು ಎರಡು ಟ್ರಿಪ್ ಮಣ್ಣು ಹೆಚ್ಚಿಗೆ ಒಯ್ದ. ಶಿವ ಸಾಧು ದೇವರು, ಇಂಥದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಆಗ ಭೀಮಣ್ಣ ಮಾಡಬಾರದ್ದನ್ನು ಮಾಡಿದ. ಚನ್ನವೀರಮ್ಮ ಹಿತ್ತಿಲಲ್ಲಿದ್ದ ಹೊತ್ತು ನೋಡಿ ಅಡಿಗೆಮನೆಯ ಅರಿಶಿನದ ಡಬ್ಬಿಗೆ ಕೈ ಹಾಕಿದ. ವಿಭೂತಿ ಒರೆಸಿ, ಕಲ್ಲಿಗೆ ಅಡಿಯಿಂದ ಮುಡಿಯ ತನಕ ಅರಿಶಿನ ಬಳಿದು, ಅಂಗೈಯಗಲ ಕುಂಕುಮ ಇಟ್ಟು, ಒಂದು ಹಿಡಿ ಬೇವಿನ ಸೊಪ್ಪು ಸಿಕ್ಕಿಸಿ ಬಂದ. ಯಾವ ದೇವರು ಎಂದು ಅವನು ವಿಚಾರ ಮಾಡಿರಲಿಲ್ಲ. ಸ್ವಲ್ಪ ಸಿಟ್ಟಿನದಾಗಿದ್ದರೆ ಸಾಕಿತ್ತು.

ಎಂಕಪ್ಪ ಬಂದ. ಕಲ್ಲು ನೋಡಿದ. ಇಂಜಿನ್ ಬಂದ್ ಮಾಡಿದ. ಚಪ್ಪಲಿ ಬಿಟ್ಟ. ಕೆನ್ನೆಕೆನ್ನೆ ಬಡಿದುಕೊಂಡು, ಟ್ರ್ಯಾಕ್ಟರ್ ತಿರುಗಿಸಲೂ ಧೈರ್ಯವಿಲ್ಲದೆ ಊರ ತನಕ ಹಿಂದಕ್ಕೇ ಓಡಿಸಿಕೊಂಡು ಹೋದ. ಆ ದಿನದಿಂದ ಒಡ್ಡಿನ ಒಂದು ಹೆಂಟೆ ಮಣ್ಣನ್ನೂ ಯಾರೂ ಮುಟ್ಟಲಿಲ್ಲ. ಭೀಮಣ್ಣ ತನ್ನ ಬುದ್ಧಿಗೆ ತಾನೇ ಬೆರಗಾಗಿ ಖಾಕಿ ಅಂಗಿಯ ಕಾಲರ್ ಎತ್ತಿ ನಿಲ್ಲಿಸಿದ.

ಆ ಕಾಲರ್ ನಿಂತದ್ದು ಭಾನುವಾರದ ತನಕ ಮಾತ್ರ. ಅವತ್ತು ಬೆಳಿಗ್ಗೆ ಅವನು ಒಡ್ಡು ಏರಿದಾಗ ಕೆಳಗೇರಿಯ ಮುದುಕಿ ಪೋಚಮ್ಮ ಬಾಳೆಲೆಯ ತುಂಬ ಅನ್ನ ಬಡಿಸಿಕೊಂಡು ಕಲ್ಲಿನ ಮುಂದೆ ಕೂತಿದ್ದಳು. ಕಂಕುಳಲ್ಲಿ ಒಂದು ಕರಿ ಹುಂಜ.

"ಪೋಚಮ್ಮಕ್ಕಾ, ಏನಬೇ ಇದು?"

"ಮೈಸಮ್ಮಗ ತಮ್ಮಾ. ಕಟ್ಟಿ ಅಂದಮ್ಯಾಲ ಕಟ್ಟ ಮೈಸಮ್ಮ ಇರಬೇಕಲ್ಲ. ಈ ಒಡ್ಡು ಕಟ್ಟಿ ಎರಡು ತಿಂಗಳಾತು, ಆಕಿ ಯಾವಾಗ ಬರ್ತಾಳ ಅಂತಿದ್ದೆ. ಬಂದು ನಿಂತಾಳ ನೋಡು. ಮೂರು ದಿನದಿಂದ ಹಾಲು ಕೊಡದ ಎಮ್ಮಿ ನಿನ್ನೆ ಕೊಡ್ತು."

ಆ ಸೀಮೆಯಲ್ಲಿ ಕೆರೆಕಟ್ಟೆ ಕಾಯುವ ತಾಯಿ ಮೈಸಮ್ಮ. ಆಕೆಗೆ ಅನ್ನ ಬೇಕು, ಕೋಳಿ ಬೇಕು, ಆಷಾಢ ಬಂದರೆ ಕುರಿಯೂ ಬೇಕು. ಮೂರು ಹೊತ್ತು ಲಿಂಗಪೂಜೆ ಮಾಡುವ ಮನೆಯ ಭೀಮಣ್ಣ, ಮೊಟ್ಟೆಯನ್ನು ದೂರದಿಂದಷ್ಟೇ ಕಂಡವನು, ತನಗೆ ಗೊತ್ತಿಲ್ಲದೆ ಆಕೆಯನ್ನು ಕರೆದು ತನ್ನ ಮನೆಯ ಹಿಂದೆಯೇ ಕೂರಿಸಿಬಿಟ್ಟಿದ್ದ.

ಮುಂದಿನ ಭಾನುವಾರ ಒಂಬತ್ತು ಕೋಳಿ. ಅದರಾಚೆಯ ಭಾನುವಾರ ಎಣಿಸಲು ಭೀಮಣ್ಣ ಹೋಗಲಿಲ್ಲ. ಗಾಳಿ ಒಡ್ಡಿನಿಂದ ಮನೆಯ ಕಡೆಗೆ ಬೀಸುತ್ತಿತ್ತು. ಚನ್ನವೀರಮ್ಮ ಮಜ್ಜಿಗೆಯ ಗಡಿಗೆಯ ಮುಚ್ಚಳ ತೆಗೆದಾಗ ಒಂದು ಪುಕ್ಕ ಮೆಲ್ಲಗೆ ಬಂದು ಅದರಲ್ಲಿ ಇಳಿಯಿತು. ಅವಳು ಅದನ್ನು ನೋಡಿದಳು, ಗಂಡನನ್ನು ನೋಡಿದಳು, ಗಡಿಗೆಯನ್ನು ಎತ್ತಿ ಬೇವಿನ ಮರದ ಬುಡಕ್ಕೆ ಸುರಿದಳು.

"ನಿಮ್ಮ ಡ್ಯಾಂ ಚಲೋ ಐತ್ರಿ," ಅಂದಳು.

ಸುದ್ದಿ ಗದ್ವಾಲ್ ಮುಟ್ಟಿತು. ಭಾವನ ಡ್ಯಾಮಿನಲ್ಲಿ ದೇವಿ ಉದ್ಭವಿಸಿದ್ದಾಳೆ ಎಂದು ಕೇಳಿ ಕಾಂತೇಶ ಒಂದು ಜರಿ ಅಂಚಿನ ಸೀರೆಯನ್ನು ಬಸ್ಸಿಗೆ ಹಾಕಿ ಕಳಿಸಿದ. ಪೋಚಮ್ಮ ಅದನ್ನು ಕಲ್ಲಿಗೆ ಬುಡದಿಂದ ಕುತ್ತಿಗೆಯ ತನಕ ನೆರಿಗೆ ಹಿಡಿದು ಉಡಿಸಿದಳು. ಮೇಲೆ ಬೆಳ್ಳಿಯ ಕಣ್ಣು ಬಂದವು. ಗುಡಿ ಕಮಿಟಿ ಎಂದು ಒಂದಾಯಿತು. ಅಧ್ಯಕ್ಷ ಯಾರೆಂದರೆ ಎಂಕಪ್ಪ.

ಹೀಗೆ ಅಡಿಯ ಗುರುತು, ಅಂಕಿ, ಕೆಂಪು ಗೆರೆ ಎಲ್ಲ ಸೀರೆಯೊಳಗೆ ಹೋದವು.

ಮಳೆ ಶುರುವಾದ ಮೇಲೆ ಇಂಜಿನಿಯರ್ ಪ್ರವೀಣ್ ಕುಮಾರ್ ತಪಾಸಣೆಗೆ ಬಂದರು. ಆಗಲೇ ಕಲ್ಲಿನ ಬುಡ ನೀರಿನಲ್ಲಿ ಮುಳುಗಿತ್ತು. ಭೀಮಣ್ಣನಿಗೆ ಜೀವ ಬಂದಂತಾಯಿತು. ಓದಿದ ಮನುಷ್ಯ, ಒಂದು ಗದರಿಕೆ ಹಾಕಿದರೆ ಸಾಕು, ಸೀರೆ ಇಳಿಯುತ್ತದೆ ಎಂದುಕೊಂಡ. ಪ್ರವೀಣ್ ಕುಮಾರ್ ಕಲ್ಲನ್ನು ನೋಡಿ ಮೊದಲು ಬೂಟು ಬಿಚ್ಚಿದರು, ಆಮೇಲೆ ಸಾಕ್ಸ್ ಬಿಚ್ಚಿದರು.

"ಸಾರ್, ಇದು ನೀವು ನೆಟ್ಟ ಕಲ್ಲಾ ಐತ್ರಿ," ಎಂದು ಭೀಮಣ್ಣ ಕಿವಿಯ ಹತ್ತಿರ ಹೇಳಿದ. "ಸೀರಿ ಒಂದೀಟು ಸರಿಸಿದ್ರ ಅಂಕಿ ಕಾಣ್ತಾವ್ರಿ."

ಪ್ರವೀಣ್ ಕುಮಾರ್ ಬೆಚ್ಚಿಬಿದ್ದರು. "ಅಮ್ಮವಾರ ಸೀರೆ ನಾನು ಸರಿಸೋದಾ? ನನ್ನ ಟ್ರಾನ್ಸ್‌ಫರ್ ಫೈಲ್ ಹೈದರಾಬಾದಲ್ಲಿ ಐತಿ ಭೀಮಣ್ಣ. ಇಂಥ ಮಾತು ಆಡಬೇಡ." ಕಣ್ಣು ಮುಚ್ಚಿ ಐದು ನಿಮಿಷ ಏನೋ ಬೇಡಿಕೊಂಡರು. ಆಮೇಲೆ ರಿಜಿಸ್ಟರ್ ತೆಗೆದು ನೀರಿನ ಮಟ್ಟ ಎಂಬ ಖಾನೆಯಲ್ಲಿ 'ಅಮ್ಮನವರ ಮೊಣಕಾಲು' ಎಂದು ಬರೆದು ಸಹಿ ಹಾಕಿದರು.

ಭೀಮಣ್ಣ ಬಾಯಿ ತೆರೆದು ನಿಂತಿದ್ದ. ಅವನು ಅದನ್ನು ಮುಚ್ಚುವ ಮೊದಲೇ ಒಡ್ಡಿನ ಒಳಮೈಯಲ್ಲಿ ಒಂದು ಹೆಗ್ಗಣ ಹೊರಗೆ ಬಂದು, ಎಡೆಯ ಅನ್ನವನ್ನು ಕೆನ್ನೆಯಲ್ಲಿ ತುಂಬಿಕೊಂಡು, ಮತ್ತೆ ಒಡ್ಡಿನೊಳಗೇ ಹೋಯಿತು.

ಸಾಹೇಬರು ಹೋದ ಮೇಲೆ ಅವನು ಬಗ್ಗಿ ಬಗ್ಗಿ ನೋಡಿದ. ಹದಿನೇಳು ಬಿಲ. ಒಂದೊಂದಕ್ಕೂ ಅವನ ತೋಳು ಮೊಣಕೈಯ ತನಕ ಹೋಗುತ್ತಿತ್ತು. ಭಾನುವಾರದ ಎಡೆ ತಿಂದು ಸುತ್ತಿನ ಹೊಲದ ಹೆಗ್ಗಣಗಳೆಲ್ಲ ಇಲ್ಲೇ ಸಂಸಾರ ಹೂಡಿದ್ದವು. ಎಂಕಪ್ಪನ ಗುದ್ದಲಿ ಮುಟ್ಟಬಾರದೆಂದು ಅವನು ತಂದ ದೇವಿಯ ಪ್ರಸಾದ ಉಂಡು ಅವು ಒಡ್ಡನ್ನು ಒಳಗಿನಿಂದಲೇ ಖಾಲಿ ಮಾಡುತ್ತಿದ್ದವು. ಭೀಮಣ್ಣನಿಗೆ ಮನೆಯ ಗೋಡೆಯ ಮೇಲಿನ ಕೆಸರಿನ ಗೆರೆ ಕಣ್ಣಿಗೆ ಕಟ್ಟಿತು.

ನಾಲ್ಕು ದಿನ ಮಳೆ ಬಿಡಲಿಲ್ಲ. ಅವನು ಹಗಲು ಮುಚ್ಚಿದ ಬಿಲವನ್ನು ಹೆಗ್ಗಣಗಳು ರಾತ್ರಿ ತೆರೆದವು. ಐದನೆಯ ದಿನ ಬೆಳಿಗ್ಗೆ ಮನೆಯ ಹಿಂದೆ ಗದ್ದಲ ಕೇಳಿ ಭೀಮಣ್ಣ ಓಡಿದ. ಒಡ್ಡಿನ ಹೊರಮೈಯ ಬುಡದಲ್ಲಿ ಹೆಬ್ಬೆರಳು ದಪ್ಪ ನೀರು ಬುಗ್ಗೆಯಾಗಿ ಉಕ್ಕುತ್ತಿತ್ತು. ಕೆಂಪಗೆ, ಮಣ್ಣು ಕಲಸಿಕೊಂಡು. ಅದರ ಮುಂದೆ ಜನ ಬಾಟಲಿ ಹಿಡಿದು ಸಾಲು ನಿಂತಿದ್ದರು. ಛತ್ರಿ ಹಿಡಿದ ಎಂಕಪ್ಪ ಸಾಲು ಸರಿ ಮಾಡುತ್ತಿದ್ದ.

"ಅಮ್ಮನ ತೀರ್ಥ ಕಾಕಾ. ಕೆಂಪು ನೋಡು ಹೆಂಗೈತಿ, ಕುಂಕುಮದ ಬಣ್ಣ."

"ಅದು ಒಡ್ಡಿನ ಮಣ್ಣೋ ಹುಚ್ಚಾ," ಭೀಮಣ್ಣ ಕೂಗಿದ. "ಒಡ್ಡು ಒಳಗಿಂದ ಕರಗಿ ಬರಾಕತ್ತೈತಿ. ಕುಡೀಬ್ಯಾಡ್ರಿ, ಗುದ್ದಲಿ ತರ್ರಿ."

ಯಾರೂ ಅಲುಗಲಿಲ್ಲ. ಪೋಚಮ್ಮ ಒಂದು ಗುಟುಕು ಕುಡಿದು, ಹಲ್ಲಿಗೆ ಸಿಕ್ಕ ಹರಳನ್ನು ಪ್ರಸಾದವೆಂದು ಸೆರಗಿಗೆ ಕಟ್ಟಿಕೊಂಡಳು. ಭೀಮಣ್ಣನಿಗೆ ಇನ್ನು ದಾರಿ ಉಳಿದಿರಲಿಲ್ಲ. ಸೀಟಿ ಊದಿ ಎಲ್ಲರನ್ನೂ ತನ್ನ ಕಡೆ ತಿರುಗಿಸಿ, ಒಂದೇ ಉಸಿರಿಗೆ ಹೇಳಿಬಿಟ್ಟ.

"ಕೇಳ್ರಿ. ಅಲ್ಲಿ ಮೈಸಮ್ಮ ಇಲ್ಲ. ಅದು ನೀರು ಅಳೆಯೋ ಕಲ್ಲು. ಅರಿಷಿಣ ಹಚ್ಚಿದ್ದು ನಾನು. ಎಂಕಪ್ಪ ಮಣ್ಣು ಕದೀಬಾರದು ಅಂತ ಹಚ್ಚಿದೆ. ತಪ್ಪಾತು."

ಇನ್ನು ತನಗೆ ಪೆಟ್ಟು ಬೀಳುತ್ತವೆ ಎಂದು ಭೀಮಣ್ಣ ಕಣ್ಣು ಮುಚ್ಚಿದ. ಬಿದ್ದದ್ದು ಪೋಚಮ್ಮ, ಅವನ ಕಾಲಿಗೆ.

"ತಮ್ಮಾ, ಆ ಅರಿಷಿಣ ಎಲ್ಲಿಂದ ತಂದಿ?"

"ನಮ್ಮ ಮನೀ ಡಬ್ಬಿಯಿಂದ."

"ಡಬ್ಬಿ ಕಡಿಗೆ ನಿನ್ನ ಕೈ ನಡೆಸಿದಾಕಿ ಯಾರು?"

ಎಂಕಪ್ಪ ಎಲ್ಲರ ಕಡೆ ತಿರುಗಿ ಕೈ ಎತ್ತಿದ. "ಲಿಂಗ ಕಟ್ಟಿದ ಮನುಷ್ಯಾನ ಕೈಯಿಂದ ಅಮ್ಮ ಅರಿಷಿಣ ಹಚ್ಚಿಸಿಕೊಂಡಾಳ ಅಂದ್ರ ಸಣ್ಣ ಮಾತಲ್ಲ. ಇವತ್ತಿನಿಂದ ಕಾಕಾನಾ ಪೂಜಾರಿ." ಯಾರೋ ಒಂದು ಹುಂಜದ ಕಾಲು ಕಟ್ಟಿ ಭೀಮಣ್ಣನ ಕೈಗೆ ಕೊಟ್ಟರು. ಹುಂಜ ಅವನನ್ನು ನೋಡಿತು. ಇಬ್ಬರಲ್ಲಿ ಹೆಚ್ಚು ಗಾಬರಿ ಯಾರಿಗೆ ಎಂದು ಹೇಳುವುದು ಕಷ್ಟವಿತ್ತು.

ಒಂದು ಕೈಯಲ್ಲಿ ಹುಂಜ ಹಿಡಿದೇ ಅವನು ಪ್ರವೀಣ್ ಕುಮಾರ್‌ಗೆ ಫೋನ್ ಮಾಡಿದ. ನರ್ವದ ರಸ್ತೆಯಲ್ಲಿ ನೀರು ಬಂದು ಅವರ ಜೀಪು ಅಲ್ಲೇ ನಿಂತಿತ್ತು. ಕೆಂಪು ಬುಗ್ಗೆ ಎಂದು ಕೇಳಿದ್ದೇ ಅವರ ದನಿ ಬದಲಾಯಿತು. ಟ್ರಾನ್ಸ್‌ಫರಿನ ಭಕ್ತಿ ಎಲ್ಲಿ ಹೋಯಿತೋ, ಓದಿದ ಮನುಷ್ಯ ಮಾತಾಡಿದ.

"ಭೀಮಣ್ಣ, ತೂಬು ಪೂರ್ತಿ ತೆರಿ. ನೀರು ಎಷ್ಟಡಿ ಐತಿ ಈಗಲೇ ಹೇಳು. ಎಂಟು ದಾಟಿದ್ದರೆ ಒಡ್ಡು ಬಿಟ್ಟು ಎಲ್ಲರೂ ಓಡಿ ಕೆಳಗೇರಿ ಖಾಲಿ ಮಾಡಿಸ್ರಿ. ದಾಟಿಲ್ಲ ಅಂದ್ರೆ ಎರಡು ತಾಸು ಟೈಮ್ ಐತಿ, ಒಡ್ಡು ಉಳಿಸಬಹುದು. ಎಷ್ಟು?"

ಭೀಮಣ್ಣ ಇಬ್ಬರನ್ನು ತೂಬು ತೆರೆಯಲು ಓಡಿಸಿದ, ಉಳಿದವರೆಲ್ಲ ಒಡ್ಡು ಏರಿದರು. ಕಲ್ಲು ಸೀರೆ ಉಟ್ಟುಕೊಂಡು ನೀರಿನಲ್ಲಿ ನಿಂತಿತ್ತು.

"ಅಮ್ಮನ ನಡುವಿನ ತನಕ ಸಾರ್," ಅಂದ ಎಂಕಪ್ಪ.

"ನಡು ಎಲ್ಲೋ ಅದು? ತೊಡಿ ಅದು," ಅಂದಳು ಪೋಚಮ್ಮ.

"ನಡು ಅಂದ್ರೆ ಎಷ್ಟಡಿ?" ಫೋನು ಕೂಗಿತು.

ಮೂರು ಜನ ನಡು ಅಂದರು, ಐದು ಜನ ತೊಡೆ ಅಂದರು. ಒಬ್ಬ ಮೇಷ್ಟ್ರು ಕಲ್ಲಿಗೆ ನಡುವೇ ಇರುವುದಿಲ್ಲ ಎಂದು ಹೇಳಿ ಬೈಸಿಕೊಂಡರು. ಸೀರೆ ಎತ್ತಿ ನೋಡಿ ಎಂದು ಫೋನಿನಲ್ಲಿ ಸಾಹೇಬರು ಅರಚಿದರು. ಎಂಕಪ್ಪ ಭೀಮಣ್ಣನ ಕಡೆ ನೋಡಿದ, ಭೀಮಣ್ಣ ಹುಂಜದ ಕಡೆ ನೋಡಿದ. ಇಡೀ ಊರಿನ ಮುಂದೆ ದೇವಿಯ ಸೀರೆ ಎತ್ತುವ ಗಂಡಸು ಎರೆಕುಂಟೆಯಲ್ಲಿ ಹುಟ್ಟಿರಲಿಲ್ಲ. ಮೈಸಮ್ಮ ಇಲ್ಲವೆಂದು ಈಗಷ್ಟೇ ಸಾರಿದ ಭೀಮಣ್ಣನ ಕೈಯೂ ಏಳಲಿಲ್ಲ. ನೀರು ಏರುತ್ತಲೇ ಇತ್ತು.

"ಸರೀರಿ ಆಕಡಿಗೆ."

ಚನ್ನವೀರಮ್ಮ. ಕಲ್ಲು ದೇವಿಯಾದಂದಿನಿಂದ ಒಡ್ಡಿನ ಕಡೆ ಮುಖ ತಿರುಗಿಸದವಳು ಮೊದಲ ಸಲ ಮೇಲೆ ಏರಿ ಬಂದಿದ್ದಳು. ಯಾರನ್ನೂ ನೋಡದೆ ತನ್ನ ಸೀರೆಯ ನೆರಿಗೆ ಎತ್ತಿ, ಹಿಂದಕ್ಕೆ ಎಳೆದು ಬಿಗಿಯಾಗಿ ಕಚ್ಚೆ ಸಿಕ್ಕಿಸಿಕೊಂಡು ನೀರಿಗೆ ಇಳಿದಳು. ನೀರು ಅವಳ ತೊಡೆಗೆ ಬಂತು. ಕಲ್ಲಿನ ಮುಂದೆ ನಿಂತು, ತನ್ನ ಓರಗೆಯವಳನ್ನು ನೋಡುವಂತೆ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಪೋಚಮ್ಮಕ್ಕಾ, ನೀ ಭತ್ತ ಹಚ್ಚಾಕ ಗದ್ದಿಗೆ ಇಳಿದಾಗ ಹಿಂಗಾ ನೆರಿಗಿ ಬಿಟ್ಕೊಂಡು ಇಳೀತಿದ್ದೇನು?"

"ಇಲ್ಲವ್ವಾ, ಕಚ್ಚಿ ಹಾಕ್ತಿದ್ದೆ."

"ಮತ್ತ ಈಕಿನ್ನ ನೀರಾಗ ನಿಲ್ಲಿಸಿ ಜರಿ ಸೀರಿ ಬಿಟ್ಟು ಉಡಿಸೀರಲ್ಲ, ಆಕಿ ಕೆಲಸಾ ಹೆಂಗ ಮಾಡ್ಬೇಕು?"

ಹೆಂಗಸರ ಕಡೆಯಿಂದ ಒಂದು ಸಣ್ಣ ದನಿ ಎದ್ದಿತು. ಹೌದಲ್ಲವಾ ಎಂಬ ದನಿ. ಚನ್ನವೀರಮ್ಮ ಒದ್ದೆ ಸೀರೆಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ, ಸುತ್ತಿ, ಕಲ್ಲಿಗೆ ಎದೆಮಟ್ಟದಲ್ಲಿ ಬಿಗಿಯಾಗಿ ಸಿಕ್ಕಿಸಿದಳು. ಅಂಗೈಯಿಂದ ಅರಿಶಿನ ಕುಂಕುಮ ತಿಕ್ಕಿದಳು. ಕೆತ್ತಿದ ಅಂಕಿ ಎದ್ದವು.

"ಏಳೂವರಿ," ಅಂದಳು. "ಕೆಂಪು ಗೆರಿ ಇನ್ನೂ ಮ್ಯಾಲೈತಿ."

ಫೋನಿನಲ್ಲಿ ಸಾಹೇಬರು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಒಳಮೈಯ ಬಿಲಗಳಿಗೆ ಮಣ್ಣು ತುಂಬಿ ತುಳಿಯಿರಿ, ಹೊರಗೆ ಬುಗ್ಗೆಯ ಮೇಲೆ ಮರಳು, ಅದರ ಮೇಲೆ ಕಲ್ಲು ಹಾಕಿ ಎಂದರು. ಆದರೂ ಜನ ದೇವಿಯ ಹೊಸ ರೂಪ ನೋಡುತ್ತ ನಿಂತೇ ಇದ್ದರು. ಚನ್ನವೀರಮ್ಮ ನೀರಿನಿಂದ ಮೇಲೆ ಬಂದು ಎಂಕಪ್ಪನ ಎದುರು ನಿಂತಳು.

"ಆಕಿ ಕಚ್ಚಿ ಹಾಕಿ ಕೆಲಸಕ್ಕ ನಿಂತಾಳ. ನೀ ಛತ್ರಿ ಹಿಡ್ಕೊಂಡು ನಿಂತೀಯಲ್ಲಪಾ ಅಧ್ಯಕ್ಷ. ಮಣ್ಣು ತರಾಕ ಆಕೀನಾ ಹೋಗಬೇಕೇನು?"

ಅದಾದ ಮೇಲೆ ಎರೆಕುಂಟೆಯಲ್ಲಿ ನಿಂತವರು ಯಾರೂ ಇರಲಿಲ್ಲ. ಹೆಂಗಸರೆಲ್ಲ ಕಚ್ಚೆ ಕಟ್ಟಿದರು, ಗಂಡಸರು ಧೋತರ ಎತ್ತಿದರು. ಅನ್ನದ ಬುಟ್ಟಿಯಲ್ಲೇ ಮಣ್ಣು ಬಂತು. ಪೋಚಮ್ಮ ಒಂದು ಬಿಲದ ಬಾಯಲ್ಲಿ ಕೂತು, ಹೊರಗೆ ಬಂದ ಹೆಗ್ಗಣದ ತಲೆಗೆ ತೀರ್ಥದ ಬಾಟಲಿಯಿಂದಲೇ ಕೊಟ್ಟಳು. ಎಂಕಪ್ಪನ ಟ್ರ್ಯಾಕ್ಟರ್ ಮಳೆಯಲ್ಲಿ ಎಂಟು ಟ್ರಿಪ್ ಹೊಡೆಯಿತು. ಇಷ್ಟು ಬೇಗ ಅಷ್ಟು ಮಣ್ಣು ಎಲ್ಲಿಂದ ಬಂತೆಂದು ಭೀಮಣ್ಣನಿಗೆ ಹೊಳೆಯಲಿಲ್ಲ. ಆರನೆಯ ಟ್ರಿಪ್ ಸುರಿದಾಗ ಮಣ್ಣಿನೊಳಗಿಂದ ಒಂದು ನೀಲಿ ಚಪ್ಪಲಿ ಉರುಳಿತು. ಎಡಗಾಲಿನದು.

ಭೀಮಣ್ಣ ಅದನ್ನು ಎತ್ತಿಕೊಂಡು ಎಂಕಪ್ಪನ ಮುಖ ನೋಡಿದ. ಎಂಕಪ್ಪ ಇಂಜಿನ್ ಕಡೆ ನೋಡಿದ. "ಅಮ್ಮಗ ಕಾಣಿಕಿ ಕಾಕಾ," ಅಂದ. "ನಾ ಏನ್ ಹೆಚ್ಚಿಂದು ಮಾಡಿಲ್ಲ ಬಿಡು."

ಮಧ್ಯಾಹ್ನದ ಹೊತ್ತಿಗೆ ಬುಗ್ಗೆಯ ನೀರು ತಿಳಿಯಾಗಿ, ಸಣ್ಣದಾಗಿ, ನಿಂತಿತು. ಕಲ್ಲಿನ ಮೇಲೆ ನೀರು ಏಳೂಮುಕ್ಕಾಲಿಗೆ ಬಂದು, ಅಲ್ಲಿ ಸ್ವಲ್ಪ ಯೋಚನೆ ಮಾಡಿ, ಇಳಿಯತೊಡಗಿತು. ಕೆಳಗೇರಿಯ ಇಪ್ಪತ್ತು ಮನೆಯ ಹೊಸ್ತಿಲೂ ನೆನೆಯಲಿಲ್ಲ. ಯಾರು ಬಿಟ್ಟರೋ ಏನೋ, ಆ ಹುಂಜ ಗದ್ದಲದಲ್ಲಿ ಓಡಿಹೋಗಿ ಬೇವಿನ ಮರ ಹತ್ತಿತ್ತು.

ಮನೆಗೆ ಬಂದು ಭೀಮಣ್ಣ ಹೆಂಡತಿಯ ಮುಂದೆ ಕೂತ.

"ನಿನಗೊಂದು ಹೇಳಬೇಕಿತ್ತು. ಆ ಅರಿಷಿಣ..."

"ನಮ್ಮ ಡಬ್ಬೀದು," ಅಂದಳು ಚನ್ನವೀರಮ್ಮ ಒಲೆ ಊದುತ್ತ. "ಡಬ್ಬಿ ಅರ್ಧ ಖಾಲಿ, ನಿಮ್ಮ ಖಾಕಿ ಅಂಗೀ ತೋಳು ಹಳದಿ. ಮೊದಲನೇ ದಿನಾನಾ ಗೊತ್ತಾತು."

ಆ ಮಳೆಗಾಲದಲ್ಲಿ ಭೀಮಣ್ಣ ಬೇಕಾದಷ್ಟು ಬೆಚ್ಚಿದ್ದ. ಆದರೆ ಇಷ್ಟು ಬೆಚ್ಚಿರಲಿಲ್ಲ. "ಕೋಳಿ ಬಂದ್ವು, ಪುಕ್ಕ ಬಂತು. ಒಂದು ಮಾತು ಯಾಕ ಹೇಳಲಿಲ್ಲ ನೀನು?"

ಅವಳು ಊದುವುದನ್ನು ನಿಲ್ಲಿಸಿ ಗೋಡೆಯ ಮೇಲಿನ ಕೆಸರಿನ ಗೆರೆಯ ಕಡೆ ನೋಡಿದಳು.

"ಒಂದೂವರಿ ದಿನ ಮಾಳಗಿ ಮ್ಯಾಲ ಕುಂತಾಕಿ ನಾನು. ನಿಮ್ಮ ಸೀಟಿಗೆ ಯಾರೂ ಅಂಜಲಿಲ್ಲ. ಯಾರಿಗೆ ಅಂಜಿ ಮಣ್ಣು ಬಿಟ್ರೂ ನನಗ ನಡೀತಿತ್ರಿ."

ಭೀಮಣ್ಣ ಎದ್ದು ಹಿಟ್ಟಿನ ಡಬ್ಬಿಯನ್ನು ಅವಳ ಹತ್ತಿರ ಸರಿಸಿದ. ಅವಳು ರೊಟ್ಟಿ ಬಡಿಯಲು ಹಿಟ್ಟು ತೆಗೆದುಕೊಂಡಳು.

ಮುಂದಿನ ಭಾನುವಾರ ಪೋಚಮ್ಮ ಎಡೆಯನ್ನು ಒಡ್ಡಿನಿಂದ ದೂರ, ಬೇವಿನ ಮರದ ಬುಡದಲ್ಲಿ ಇಟ್ಟಳು. ಒಡ್ಡಿನ ಮೇಲೆ ಒಂದು ಬುಟ್ಟಿ ಮಣ್ಣು ಸುರಿದು ತುಳಿದಳು. ಉಳಿದವರೂ ಹಾಗೇ ಮಾಡಿದರು. ಕಲ್ಲು ಇವತ್ತಿಗೂ ಕಚ್ಚೆ ಹಾಕಿಯೇ ನಿಂತಿದೆ, ಅಂಕಿ ಅಷ್ಟೂ ಕಾಣುತ್ತವೆ. ಸೀರೆ ಹಳೆಯದಾದಾಗ ಅದನ್ನು ಬದಲಾಯಿಸಲು ಹೆಂಗಸರು ಬಂದು ಕರೆಯುವುದು ಚನ್ನವೀರಮ್ಮನನ್ನು. ಅವಳು ಬೈಯುತ್ತ ಹೋಗುತ್ತಾಳೆ, ಬೈಯುತ್ತ ಉಡಿಸುತ್ತಾಳೆ. ಬರುವಾಗ ಯಾರೂ ನೋಡುತ್ತಿಲ್ಲವೆಂದುಕೊಂಡು ಕಲ್ಲಿನ ಮುಡಿಗೆ ಒಂದು ಚೂರು ವಿಭೂತಿ ಹಚ್ಚಿ ಬರುತ್ತಾಳೆ.

ಭೀಮಣ್ಣ ನೋಡಿದ್ದಾನೆ. ಅರಿಶಿನದ ಡಬ್ಬಿಯ ಬಗ್ಗೆ ಅವಳು ಸುಮ್ಮನಿದ್ದಂತೆ, ಈ ವಿಭೂತಿಯ ಬಗ್ಗೆ ಅವನೂ ಸುಮ್ಮನಿದ್ದಾನೆ.